ಇನಿಟ್ ಹೊತ್ತಿಗೆ ಪ್ರಾಕ್ಸಿ ಎಲ್ಲಿರುತ್ತದೆ?

ಪ್ರಶ್ನೆ: ನಮ್ಮ ತಂಡಕ್ಕಾಗಿ ಸ್ಪ್ರಿಂಗ್ ಮಾದರಿಯ ಚಿಕ್ಕ ಜಾವಾ ಫ್ರೇಮ್‌ವರ್ಕ್ ಬರೆಯುತ್ತಿದ್ದೇನೆ. ಟ್ರಾನ್ಸಾಕ್ಷನ್, ಲಾಗಿಂಗ್ ಎಲ್ಲ ಆಸ್ಪೆಕ್ಟ್‌ಗಳು, ಅಂದರೆ ಮೂಲ ಕೋಡ್ ಮುಟ್ಟದೆ ಹೊರಗಿನಿಂದ ಸೇರಿಸುವ ಕೆಲಸಗಳು. ಇನಿಟ್, ಸ್ಟಾರ್ಟ್, ಸ್ಟಾಪ್, ಡಿಸ್ಟ್ರಾಯ್ ನಾಲ್ಕನ್ನೂ ಒಂದೇ ಇಂಟರ್‌ಫೇಸ್‌ನಲ್ಲಿ ಇಡಬಹುದೇ? ಇನಿಟ್ ಒಳಗಿಂದ ಕರೆದ ಮೆಥಡ್‌ಗೆ ಟ್ರಾನ್ಸಾಕ್ಷನ್ ಯಾಕೆ ಹತ್ತುವುದಿಲ್ಲ?
– ಓದುಗರು, ದಾವಣಗೆರೆ

ಉತ್ತರ: ಎರಡನೆಯದನ್ನು ಮೊದಲು ಬಿಡಿಸೋಣ. ಸ್ಪ್ರಿಂಗ್‌ನಲ್ಲಿ ಬೀನ್ (ಫ್ರೇಮ್‌ವರ್ಕ್‌ನ ಕಂಟೇನರ್ ಸೃಷ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್) ಹುಟ್ಟಿ, ಅದಕ್ಕೆ ಬೇಕಾದದ್ದೆಲ್ಲ ಕೈಸೇರಿದ ಮೇಲೆ ಪೋಸ್ಟ್‌ಕನ್‌ಸ್ಟ್ರಕ್ಟ್ ಗುರುತಿನ ಮೆಥಡ್ ನಡೆಯುತ್ತದೆ. ಅದರ ಹಿಂದೆಯೇ ಇನಿಶಿಯಲೈಸಿಂಗ್‌ಬೀನ್‌ನ ಆಫ್ಟರ್‌ಪ್ರಾಪರ್ಟೀಸ್‌ಸೆಟ್. ಸಾಮಾನ್ಯವಾಗಿ ಇವೆರಡೂ ಮುಗಿದ ಮೇಲೇ ಬೀನ್‌ಪೋಸ್ಟ್‌ಪ್ರೊಸೆಸರ್ ಪ್ರಾಕ್ಸಿ ಸುತ್ತುವುದು. ಪ್ರಾಕ್ಸಿ ಎಂದರೆ ಹೊರಗಿನ ಕರೆಗಳನ್ನು ಮೊದಲು ತಾನು ಹಿಡಿದು, ಟ್ರಾನ್ಸಾಕ್ಷನ್‌ನಂಥದ್ದನ್ನು ಸೇರಿಸಿ ಬೀನ್‌ಗೆ ದಾಟಿಸುವ ಹೊದಿಕೆ. ಅಂದರೆ ನಿಮ್ಮ ಇನಿಟ್ ಓಡುವಾಗ ಟ್ರಾನ್ಸಾಕ್ಷನ್ ಹಾಕುವವರೇ ಇನ್ನೂ ಬಂದಿಲ್ಲ! ಬಂದ ಮೇಲೂ 'ದಿಸ್' ಮೂಲಕ ಕರೆದರೆ ಪ್ರಯೋಜನವಿಲ್ಲ. ಕಾವಲುಗಾರ ಇರುವುದು ಹೊರಬಾಗಿಲಲ್ಲಿ, ಮನೆಯೊಳಗೆ ಓಡಾಡುವವರನ್ನು ಅವನು ತಡೆಯುವುದಿಲ್ಲ ಅಲ್ವಾ?

ಹಾಗಾಗಿ ಡೇಟಾಬೇಸ್ ಮುಟ್ಟುವ ಕೆಲಸಕ್ಕೆ ತಡವಾಗಿ ಬರುವ ಇನ್ನೊಂದು ಕಾಲ್‌ಬ್ಯಾಕ್ ಬೇಕು. ಸ್ಪ್ರಿಂಗ್ 4.1ರಲ್ಲಿ ಸ್ಮಾರ್ಟ್‌ಇನಿಶಿಯಲೈಸಿಂಗ್‌ಸಿಂಗಲ್‌ಟನ್ ಸೇರಿದ್ದು ಇಂಥ ಜಾಗಕ್ಕೇ. ಲೇಜಿ ಅಲ್ಲದ ಸಿಂಗಲ್‌ಟನ್‌ಗಳೆಲ್ಲ (ಒಂದೇ ಪ್ರತಿ ಇರುವ, ಶುರುವಿನಲ್ಲೇ ಹುಟ್ಟುವ ಬೀನ್‌ಗಳು) ತಯಾರಾದ ಮೇಲೆ ಅದು ನಡೆಯುತ್ತದೆ. ಕೆಲಸವನ್ನು ಬೇರೊಂದು ಬೀನ್‌ಗೆ ಹಾಕಿ, ಅದನ್ನು ಈ ಕಾಲ್‌ಬ್ಯಾಕ್‌ನಿಂದ ಕರೆಯಿರಿ.

ಇನ್ನು ನಾಲ್ಕೂ ಒಂದೇ ಕಡೆ ಇಡುವ ವಿಚಾರ. ಬೇಡ ಅಂತಲೇ ನನ್ನ ಮಾತು. 2014ರಲ್ಲಿ ಜಾವಾ 8 ಡೀಫಾಲ್ಟ್ ಮೆಥಡ್ ಕೊಟ್ಟಿದೆ, ಖಾಲಿ ಬಿಟ್ಟರಾಯಿತು ಅನ್ನುವವರಿದ್ದಾರೆ. ಆದರೆ ಸುಮ್ನೆ ಖಾಲಿ ಡಿಸ್ಟ್ರಾಯ್ ಇಟ್ಟುಕೊಂಡವರು ಯಾರು, ನಿಜವಾಗಿ ಬೇಕಾದವರು ಯಾರು ಅಂತ ಕಂಟೇನರ್‌ಗೆ ಸುಲಭಕ್ಕೆ ತಿಳಿಯುವುದಿಲ್ಲ. ಇನಿಶಿಯಲೈಸಿಂಗ್‌ಬೀನ್, ಡಿಸ್ಪೋಸಬಲ್‌ಬೀನ್ ಎರಡಕ್ಕೂ ಒಂದೊಂದೇ ಮೆಥಡ್ ಇದೆ. ಆ ಇಂಟರ್‌ಫೇಸ್ ಇದೆಯೇ ಅಂತ ನೋಡಲು ಕಂಟೇನರ್ ಒಂದು ಇನ್‌ಸ್ಟೆನ್ಸ್‌ಆಫ್ ಪರೀಕ್ಷೆ ಹಾಕಿದರೆ ಸಾಕು.

ಜಾಸ್ತಿ ಜನ ಎಡವುವ ಜಾಗ ಬೇರೆ ಇದೆ. ಕ್ಲಾಸ್ ಒಂದು ನಿಮ್ಮ ಲೈಫ್‌ಸೈಕಲ್ ಇಂಟರ್‌ಫೇಸ್ ಒಂದನ್ನೇ ಇಂಪ್ಲಿಮೆಂಟ್ ಮಾಡಿದೆ ಅನ್ನಿ. 'ಇಂಟರ್‌ಫೇಸ್ ಇದ್ದರೆ ಜೆಡಿಕೆ ಪ್ರಾಕ್ಸಿ' ಎಂದು ನೀವು ಕುರುಡಾಗಿ ಬರೆದಿದ್ದರೆ, ಆ ಪ್ರಾಕ್ಸಿಗೆ ಇನಿಟ್, ಡಿಸ್ಟ್ರಾಯ್ ಬಿಟ್ಟು ಏನೂ ಗೊತ್ತಿರುವುದಿಲ್ಲ. ಅದನ್ನು ಮೂಲ ಕ್ಲಾಸ್‌ಗೆ ಕ್ಯಾಸ್ಟ್ ಮಾಡಲು ಹೋದರೆ ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಷನ್. ಸ್ಪ್ರಿಂಗ್ ಇನಿಶಿಯಲೈಸಿಂಗ್‌ಬೀನ್, ಡಿಸ್ಪೋಸಬಲ್‌ಬೀನ್, ಅವೇರ್ ಮುಂತಾದವನ್ನು ಈ ಲೆಕ್ಕದಿಂದ ಹೊರಗಿಡುತ್ತದೆ. ಬೇರೆ ಇಂಟರ್‌ಫೇಸ್ ಸಿಗದಿದ್ದರೆ ಕ್ಲಾಸನ್ನೇ ವಿಸ್ತರಿಸುವ ಸಿಜಿಲಿಬ್ ಪ್ರಾಕ್ಸಿಗೆ ಹೋಗುತ್ತದೆ. ನೀವೂ ಅಂಥದ್ದೊಂದು ಪಟ್ಟಿ ಇಡಿ.

ಡಿಸ್ಟ್ರಾಯ್ ಬಗ್ಗೆ ಒಂದೇ ಮಾತು. ಇನಿಟ್ ಎಕ್ಸೆಪ್ಷನ್ ಎಸೆದರೆ ಅಪ್ಲಿಕೇಶನ್ ನಿಲ್ಲಲಿ. ಡಿಸ್ಟ್ರಾಯ್ ಎಸೆದರೆ ಲಾಗ್ ಮಾಡಿ, ಉಳಿದವುಗಳನ್ನು ಮುಚ್ಚುವ ಕೆಲಸ ಮುಂದುವರಿಸಿ.