ನಾಲ್ಕು ಎಕರೆಗೂ ನೇಪಿಯರ್ ಹಾಕುವ ಮೊದಲು

ಜೇವರ್ಗಿ ಕಡೆ ನಾಲ್ಕು ಎಕರೆ ಎರೆ ಹೊಲ, ಒಂದು ಬೋರ್ ಇದೆ, ತೊಗರಿ ಬಿಟ್ಟು ನೇಪಿಯರ್ ಹುಲ್ಲು ಬೆಳೆದು ಉರುವಲಿಗೆ ಮಾರಿದರೆ ಗಿಟ್ಟುತ್ತಾ ಅಂತ ಕೇಳಿದ್ದೀರಿ. ನಾನು ಆಳಂದ ತಾಲ್ಲೂಕಿನವನು. ಆರು ವರ್ಷದಿಂದ ಎಮ್ಮೆಗಳಿಗೆ ಅಂತ ಅರ್ಧ ಎಕರೆಯಲ್ಲಿ ಇದೇ ಹುಲ್ಲು ಬೆಳೆಯುತ್ತಿದ್ದೇನೆ. ನಾಲ್ಕೂ ಎಕರೆಗೆ ಮಾತ್ರ ಹಾಕಬೇಡಿ.

ಹುಲ್ಲು ಜೋರಾಗಿ ಬೆಳೆಯುವುದು ನಿಜ. ಸಜ್ಜೆಗೂ ಆನೆ ಹುಲ್ಲಿಗೂ ಕ್ರಾಸ್ ಮಾಡಿದ ತಳಿ ಇದು. ಕಬ್ಬಿನ ಹಾಗೆ ಎರಡು ಕಣ್ಣು (ಚಿಗುರುವ ಮೊಗ್ಗು) ಇರುವ ದಂಟಿನ ತುಂಡು ನೆಡಬೇಕು. ಬೇರು ಹಿಡಿದರೆ ವರ್ಷಗಟ್ಟಲೆ ಕೊಯ್ಯುತ್ತಲೇ ಇರಬಹುದು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಸಿಒ-4 ತಳಿಗೆ ಹೆಕ್ಟೇರಿಗೆ ವರ್ಷಕ್ಕೆ 380ರಿಂದ 400 ಟನ್ ಇಳುವರಿ ಹೇಳುತ್ತಾರೆ. ಎಕರೆಗೆ ಸುಮಾರು 150 ಟನ್ ಆಯ್ತು. ಆದರೆ ಅದು ಹಸಿ ತೂಕ, ಅದೂ ನೀರು ತಪ್ಪದೆ ಕೊಟ್ಟರೆ.

ಒಂದು ಏಪ್ರಿಲ್‌ನಲ್ಲಿ 10 ಕೆಜಿ ಹುಲ್ಲು ತೂಗಿ ಮಾಳಿಗೆ ಮೇಲೆ ಹರವಿದ್ದೆ. ಎಲೆ ಎರಡನೇ ದಿನಕ್ಕೇ ಗರಿಗರಿ ಆಯ್ತು. ದಂಟು ಮಾತ್ರ ಐದನೇ ದಿನ ಮುರಿದರೂ ಒಳಗೆ ತಣ್ಣಗೆ ಒದ್ದೆ. ಎಂಟು ದಿನದ ಮೇಲೆ ತೂಗಿದರೆ 2 ಕೆಜಿ ಚಿಲ್ಲರೆ. ಉಳಿದದ್ದೆಲ್ಲ ನೀರು, ನನ್ನ ಬೋರಿನದೇ ನೀರು. ಬೇಸಿಗೆಯಲ್ಲಾದರೆ ಹೀಗೆ ಒಣಗುತ್ತೆ. ಹುಲ್ಲು ಜಾಸ್ತಿ ಬರುವುದು ಮಳೆಗಾಲದಲ್ಲಿ, ಆಗ ಎಲ್ಲಿ ಒಣಗಿಸ್ತೀರಿ? ಸಾಲದ್ದಕ್ಕೆ ಎಳೆ ಹುಲ್ಲಲ್ಲಿ ಪೊಟ್ಯಾಶ್ ಜಾಸ್ತಿ. ಸುಟ್ಟಾಗ ಅದರಿಂದ ಬೂದಿ ಬೇಗ ಕರಗಿ, ಕಾರ್ಖಾನೆಯ ಬಾಯ್ಲರ್ ಒಳಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ.

ಸುಡುವುದಕ್ಕೇ ಆದರೆ ನಮ್ಮಲ್ಲಿ ತೊಗರಿ ಕಟ್ಟಿಗೆ ಇದೆ ಅಲ್ವಾ? ರಾಶಿ ಮಾಡುವ ಹೊತ್ತಿಗೇ ಒಣಗಿರುತ್ತೆ. ಅದಕ್ಕೆ ಅಂತ ಬೇರೆ ನೀರು ಬಿಡಬೇಕಾಗಿಲ್ಲ. ಕೆಲವರು ಸುಮ್ನೆ ಬದುವಿಗೆ ಒಟ್ಟಿ ಬೆಂಕಿ ಇಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ನೇಪಿಯರ್‌ಗೆ ಸರಿಯಾದ ದಾರಿ ಗ್ಯಾಸ್. ಅಲ್ಲಿ ಒಣಗಿಸುವ ತಾಪತ್ರಯವೇ ಇಲ್ಲ. ಸಣ್ಣಗೆ ಕತ್ತರಿಸಿ, ಸಗಣಿ ಕಲಸಿ, ಗಾಳಿ ಆಡದ ಟ್ಯಾಂಕಿಗೆ ಹಾಕುತ್ತಾರೆ. ಬರುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ಶುದ್ಧ ಮಾಡಿ ಒತ್ತಡದಲ್ಲಿ ತುಂಬಿದರೆ ಸಿಎನ್‌ಜಿ ಗಾಡಿ ಓಡುತ್ತೆ. ತೈಲ ಕಂಪನಿಗಳು ಇಂಥ ಗ್ಯಾಸ್ ಕೊಳ್ಳಲಿ ಅಂತಲೇ 2018ರಲ್ಲಿ ಕೇಂದ್ರ ಸರ್ಕಾರ ಸತತ್ ಯೋಜನೆ ತಂದಿತು. ಉಳಿದ ರಾಡಿ ಹೊಲಕ್ಕೆ ಒಳ್ಳೆ ಗೊಬ್ಬರ.

ಆದರೆ ಮುಕ್ಕಾಲು ಭಾಗ ನೀರೇ ಇರುವ ಮಾಲನ್ನು ದೂರ ಹೊತ್ತರೆ ದುಡ್ಡೆಲ್ಲ ಡೀಸೆಲ್ಲಿಗೆ ಹೋಗುತ್ತೆ. ಟ್ರ್ಯಾಕ್ಟರ್‌ನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್ ಬರುವಷ್ಟು ಹತ್ತಿರ ಗ್ಯಾಸ್ ಘಟಕ ಇದೆಯಾ ನೋಡಿ. ದರ ಹಸಿ ತೂಕಕ್ಕಾ ಒಣ ತೂಕಕ್ಕಾ ಕೇಳಿ, ಬರೆಸಿಕೊಳ್ಳಿ.

ಇನ್ನು ಬೋರ್. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನನ್ನದು ದಿನಕ್ಕೆ ಒಂದು ತಾಸಿಗೆ ಇಳಿಯಿತು. ಅರ್ಧ ಎಕರೆ ಉಳಿಸುವುದೇ ಕಷ್ಟ ಆಯ್ತು. ಮೊದಲು ಹತ್ತು ಗುಂಟೆಗೆ ಹಾಕಿ ಒಂದು ಬೇಸಿಗೆ ದಾಟಿಸಿ. ಮಾರಾಟ ಆಗದಿದ್ದರೂ ದನ ತಿನ್ನುತ್ತವೆ. ನಾಟಿಗೆ ತುಂಡು ಬೇಕಿದ್ದರೆ ಜೂನ್‌ನಲ್ಲಿ ಬನ್ನಿ, ದುಡ್ಡು ಬೇಡ.