ಹೊಗೆಕೊಳವೆ ಎಳೆದ ನಕ್ಷೆ

ಪ್ರಶ್ನೆ: ನಾನು ಮೈಸೂರಿನಲ್ಲಿ ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿನಿ. ‘ಕ್ವೀನ್ ಮೇರಿ’, ‘ನಾರ್ಮಂಡಿ’ಯಂಥ ಹಳೆಯ ಲೈನರ್‌ಗಳ (ನಿಗದಿತ ದಾರಿಯಲ್ಲಿ ಜನರನ್ನು ಸಾಗಿಸುತ್ತಿದ್ದ ಹಡಗುಗಳ) ಒಳಗಿನ ಚಿತ್ರಗಳನ್ನು ನೋಡಿದರೆ ಅರಮನೆ ಹೊಕ್ಕಂತಾಗುತ್ತದೆ. ಈಗಿನ ಕ್ರೂಸ್ ಹಡಗುಗಳೋ ತೇಲುವ ಮಾಲ್‌ಗಳಂತಿವೆ. ಅಭಿರುಚಿ ಕೆಟ್ಟಿತೇ? ಇಲ್ಲ, ಖರ್ಚು ಉಳಿಸಲು ಹೀಗೆ ಮಾಡುತ್ತಾರೆಯೇ?

ಉತ್ತರ: ಅಭಿರುಚಿಯ ಮೇಲೆ ತಪ್ಪು ಹೊರಿಸುವ ಮೊದಲು ಹಡಗಿನ ಹೊಗೆಕೊಳವೆ ಎಲ್ಲಿದೆ ಎಂದು ನೋಡಿ. ಉಗಿಯ ಕಾಲದ ಹಡಗಿನಲ್ಲಿ ಬಾಯ್ಲರ್‌ಗಳು ತಳದಲ್ಲಿ, ನಡುಭಾಗದಲ್ಲಿ ಇರುತ್ತಿದ್ದವು. ಅವುಗಳ ಹೊಗೆ ದೊಡ್ಡ ದೊಡ್ಡ ಕೊಳವೆಗಳಲ್ಲಿ ಒಂದೊಂದೇ ಮಹಡಿಯನ್ನು ಸೀಳಿಕೊಂಡು ಮೇಲೇರಬೇಕಿತ್ತು. ನಡುಮನೆಯ ಮಧ್ಯದಲ್ಲೇ ಹೊಗೆಗೂಡು ಹಾದುಹೋದರೆ ಊಟದ ಪಂಕ್ತಿ ಹಾಕುವುದು ಎಲ್ಲಿ? ಹಳೆಯ ಹಡಗುಗಳಲ್ಲಿ ಸಭಾಂಗಣ, ಗ್ರಂಥಾಲಯ, ಧೂಮಪಾನದ ಕೋಣೆ ಎಲ್ಲವೂ ಬಿಡಿ ಬಿಡಿಯಾಗಿ, ಕೊಳವೆಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಕುಳಿತಿದ್ದವು. ಅವುಗಳ ಬೇರೆ ಬೇರೆ ಶೈಲಿಗಳನ್ನು ನಾವು ವೈವಿಧ್ಯ ಎಂದು ಮೆಚ್ಚುತ್ತೇವೆ. ಆದರೆ ಒಂದರಿಂದ ಇನ್ನೊಂದು ಕಾಣದಂತೆ ಅವುಗಳನ್ನು ಬೇರ್ಪಡಿಸಿದ್ದು ಹೊಗೆಯೇ.

ಜರ್ಮನಿಯ ‘ಫಾಟರ್‌ಲಾಂಡ್’ (1914) ಹಡಗಿನಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಕೊಳವೆಯನ್ನು ಕೆಳಗೇ ಎರಡು ಕವಲಾಗಿಸಿ, ಎಡ ಬಲ ಪಕ್ಕಗಳಲ್ಲಿ ಮೇಲಕ್ಕೊಯ್ದು, ಮೇಲಿನ ಡೆಕ್ಕಿನಲ್ಲಿ ಮತ್ತೆ ಒಂದುಗೂಡಿಸಿದರು. ನಡುವೆ ಉದ್ದಕ್ಕೂ ಜಾಗ ತೆರವಾಯಿತು. ಫ್ರಾನ್ಸಿನ ‘ನಾರ್ಮಂಡಿ’ (1935) ಈ ಉಪಾಯದ ಪೂರ್ಣ ಲಾಭ ಪಡೆಯಿತು. ಅದರ ಪ್ರಥಮ ದರ್ಜೆಯ ಊಟದ ಸಭಾಂಗಣದ ಉದ್ದ ಸುಮಾರು 93 ಮೀಟರ್. ವರ್ಸೇಲ್ಸ್ ಅರಮನೆಯ ಪ್ರಸಿದ್ಧ ಕನ್ನಡಿ ಮಂಟಪದ ಉದ್ದವೇ 73 ಮೀಟರ್. ಒಮ್ಮೆಗೆ ಸುಮಾರು 700 ಮಂದಿ ಕುಳಿತು ಉಣ್ಣಬಹುದಾದ ಆ ಸಭಾಂಗಣಕ್ಕೆ ಒಂದೇ ಒಂದು ಕಿಟಕಿ ಇರಲಿಲ್ಲ. ಬೆಳಕೆಲ್ಲ ಫ್ರೆಂಚ್ ಗಾಜಿನ ಕಲಾವಿದ ಲಾಲೀಕ್ ರೂಪಿಸಿದ ದೀಪಸ್ತಂಭಗಳದ್ದು. ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ಹನಿ ಸಮುದ್ರವೂ ಕಾಣದ ಕೋಣೆಯಲ್ಲಿ ಕುಳಿತು ಊಟ! ಈ ಹಡಗಿನ ಮೂರು ಹೊಗೆಕೊಳವೆಗಳಲ್ಲಿ ಹಿಂದಿನದು ಬರೀ ತೋರಿಕೆಯದು. ಒಳಗೆ ಹೊಗೆಯನ್ನು ಮರೆಮಾಡಲು ಅಷ್ಟು ಪಾಡುಪಟ್ಟವರು ಹೊರಗೆ ಇಲ್ಲದ ಹೊಗೆಗೂ ಒಂದು ಕೊಳವೆ ಕಟ್ಟಿದರು.

ಮರುವರ್ಷ ಮೊದಲ ಯಾನ ಹೊರಟ ಬ್ರಿಟನ್ನಿನ ‘ಕ್ವೀನ್ ಮೇರಿ’ (1936) ಇಂಥ ಸಾಹಸಕ್ಕೆ ಕೈಹಾಕಲಿಲ್ಲ. ಕೊಳವೆಗಳು ಹಳೆಯ ರೀತಿಯಲ್ಲೇ ನಡುವೆ ಹಾದುಹೋದವು. ಅದರ ಸೊಗಸು ಬೇರೆ ಕಡೆ ಇದೆ. ಐವತ್ತಕ್ಕೂ ಹೆಚ್ಚು ಬಗೆಯ ಮರಗಳ ತೆಳುಹಾಳೆಗಳನ್ನು ಬಳಸಿ ಗೋಡೆಗಳನ್ನು ಹೊದಿಸಿದರು. ಮೂರು ಡೆಕ್‌ಗಳಷ್ಟು ಎತ್ತರದ ಊಟದ ಸಭಾಂಗಣದಲ್ಲಿ ಮ್ಯಾಕ್‌ಡೊನಾಲ್ಡ್ ಗಿಲ್ ಬಿಡಿಸಿದ ಉತ್ತರ ಅಟ್ಲಾಂಟಿಕ್‌ನ ಭಾರಿ ನಕ್ಷೆ ಇದೆ. ಹಡಗು ಎಲ್ಲಿದೆ ಎಂದು ತೋರಿಸಲು ಅದರ ಮೇಲೆ ಪುಟ್ಟದೊಂದು ಸ್ಫಟಿಕದ ಹಡಗು ನಿಧಾನವಾಗಿ ಸರಿಯುತ್ತಿತ್ತು. ಇಂದಿನ ವಿಮಾನದಲ್ಲಿ ಸೀಟಿನೆದುರಿನ ಪರದೆ ಮಾಡುವುದೂ ಇದೇ ಕೆಲಸ. ನನಗೆ ಸ್ಫಟಿಕದ ಹಡಗೇ ಇಷ್ಟ.

ಇಷ್ಟೆಲ್ಲ ಅರಮನೆ, ಹೋಟೆಲ್ ವೇಷ ಯಾಕೆ? ಆಗ ಹೆಚ್ಚಿನವರು ಸಮುದ್ರ ನೋಡಲೆಂದು ಹಡಗು ಹತ್ತುತ್ತಿರಲಿಲ್ಲ. ನ್ಯೂಯಾರ್ಕಿಗೆ ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ. ಚಳಿ, ಅಲೆ, ವಾಂತಿ. ಆದ್ದರಿಂದ ಹಡಗಿನಲ್ಲಿದ್ದೇವೆ ಎಂಬುದನ್ನೇ ಮರೆಸುವುದು ವಿನ್ಯಾಸಕಾರನ ಕೆಲಸವಾಯಿತು. ಪ್ಯಾರಿಸ್ಸಿನ ರಿಟ್ಜ್ ಹೋಟೆಲನ್ನು ರೂಪಿಸಿದ ಶಾರ್ಲ್ ಮೆವೆಸ್ ಅವರನ್ನೇ ಜರ್ಮನ್ ಕಂಪನಿಯೊಂದು ಹಡಗಿನ ಒಳಾಂಗಣಕ್ಕೆ ಕರೆತಂದಿತು. ಅವರ ಪಾಲುದಾರ ಆರ್ಥರ್ ಡೇವಿಸ್ ಮುಂದೆ ಬ್ರಿಟಿಷ್ ಹಡಗುಗಳಿಗೆ ದುಡಿದರು, ‘ಕ್ವೀನ್ ಮೇರಿ’ಗೂ. ಆದರೆ ನೆಲದ ಹೋಟೆಲನ್ನು ಹಾಗೆಯೇ ನೀರಿಗಿಳಿಸಿದರೆ ನೀರು ಸುಮ್ಮನಿರುವುದಿಲ್ಲ. ಮೆವೆಸ್ ಅಲಂಕರಿಸಿದ ‘ಇಂಪೆರಾಟೋರ್’ (1913) ಮೇಲ್ಭಾರ ಹೆಚ್ಚಾಗಿ ವಾಲತೊಡಗಿತು. ಕೊನೆಗೆ ಅಮೃತಶಿಲೆ ಕಿತ್ತು, ಭಾರದ ಪೀಠೋಪಕರಣಗಳ ಬದಲು ಬೆತ್ತದ ಕುರ್ಚಿಗಳನ್ನು ಹಾಕಿ, ಹೊಗೆಕೊಳವೆಗಳನ್ನು ಮೊಟಕುಗೊಳಿಸಿ, ತಳಕ್ಕೆ ಸಿಮೆಂಟ್ ಸುರಿಯಬೇಕಾಯಿತು. ‘ಕ್ವೀನ್ ಮೇರಿ’ಯ ಕಥೆಯೂ ಕಡಿಮೆಯಲ್ಲ. ಅಷ್ಟು ದೊಡ್ಡ ಹಡಗು ಹೊಯ್ದಾಡಲಿಕ್ಕಿಲ್ಲ ಎಂಬ ನಂಬಿಕೆಯಿಂದ ಓಣಿಗಳಿಗೆ ಕೈಹಿಡಿಕೆಗಳನ್ನೇ ಹಾಕಿರಲಿಲ್ಲ, ಕುರ್ಚಿ ಮೇಜುಗಳನ್ನು ನೆಲಕ್ಕೆ ಬಿಗಿದಿರಲಿಲ್ಲ. ಮೊದಲ ಬಿರುಗಾಳಿಗಳು ಬಂದ ಮೇಲೆ ಎರಡೂ ಆದವು. ನೀವು ವಾಸ್ತುಶಿಲ್ಪದ ವಿದ್ಯಾರ್ಥಿನಿಯಾದ್ದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ: ಚಿತ್ರದಲ್ಲಿ ಕಾಣುವ ಅರಮನೆಯ ನೆಲ ಯಾವಾಗಲೂ ಮಟ್ಟಸವಾಗಿರುತ್ತದೆ.

1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಸೇವೆ ಶುರುವಾಯಿತು. ಐದು ದಿನದ ದಾರಿ ಕೆಲವು ಗಂಟೆಗಳದ್ದಾದಾಗ ಲೈನರ್‌ನ ಕೆಲಸವೇ ಕೈಬಿಟ್ಟಿತು. ಆ ಹೊತ್ತಿಗೆ ಎರಡು ಹಡಗುಗಳು ಮುಂದಿನ ದಾರಿ ತೋರಿಸಿದ್ದವು. ನೆದರ್ಲೆಂಡ್ಸ್‌ನ ‘ರೋಟರ್‌ಡಾಮ್’ (1959) ಎಂಜಿನ್ನನ್ನೂ ಹೊಗೆಯ ದಾರಿಯನ್ನೂ ಹಿಂದಕ್ಕೆ ಸರಿಸಿ ಹಡಗಿನ ನಡುಭಾಗವನ್ನು ಬಿಡಿಸಿತು. ಅದರ ಮೆಟ್ಟಿಲುಗಳದ್ದು ನನಗೆ ಅಚ್ಚುಮೆಚ್ಚಿನ ಕೌತುಕ. ಒಂದೇ ಮೆಟ್ಟಿಲುಗೂಡಿನೊಳಗೆ ಕತ್ತರಿಯಂತೆ ಹೆಣೆದುಕೊಂಡ ಎರಡು ಮೆಟ್ಟಿಲು ಸಾಲು; ಪ್ರಥಮ ದರ್ಜೆಯವರೂ ಟೂರಿಸ್ಟ್ ದರ್ಜೆಯವರೂ ಒಬ್ಬರ ಮುಖ ಒಬ್ಬರು ನೋಡದೆ ಹತ್ತಿಳಿಯುತ್ತಿದ್ದರು. ದರ್ಜೆ ಬೇಡವಾದಾಗ ನಡುವಿನ ಜಾರುಫಲಕಗಳನ್ನು ಸರಿಸಿದರಾಯಿತು. ಬ್ರಿಟನ್ನಿನ ‘ಕ್ಯಾನ್ಬೆರಾ’ (1961) ಎಂಜಿನ್ ಹಿಂದಕ್ಕೊಯ್ದದ್ದಲ್ಲದೆ ಜೀವರಕ್ಷಕ ದೋಣಿಗಳನ್ನು ನೆತ್ತಿಯಿಂದ ಕೆಲವು ಡೆಕ್ ಕೆಳಗಿಳಿಸಿ ಗೂಡುಗಳಲ್ಲಿ ತೂಗುಹಾಕಿತು. ಕೇಳಲು ಚಿಕ್ಕ ವಿಷಯ, ಆದರೆ ಇಂದಿನ ಕ್ರೂಸ್ ಹಡಗಿನ ಮೈಕಟ್ಟು ಹುಟ್ಟಿದ್ದೇ ಇಲ್ಲಿಂದ. ದೋಣಿಗಳು ಕೆಳಗಿಳಿದ ಮೇಲೆ, ಅವುಗಳ ಮೇಲಿನ ಹೊರಗೋಡೆಯೆಲ್ಲ ಬಾಲ್ಕನಿಗೆ ಸಿಕ್ಕಿತು. ಹಿಂದೆ ಮೇಲಿದ್ದ ಸಭಾಂಗಣಗಳು ಕೆಳಗೆ ಬಂದವು, ಕೆಳಗಿದ್ದ ಮಲಗುವ ಕೋಣೆಗಳು ಮೇಲೇರಿದವು. 1984ರ ‘ರಾಯಲ್ ಪ್ರಿನ್ಸೆಸ್’ ಹೊರಗೋಡೆಯ ಕಿಟಕಿ ಇಲ್ಲದ ಒಂದು ಪ್ರಯಾಣಿಕ ಕ್ಯಾಬಿನ್ನನ್ನೂ ಇಟ್ಟುಕೊಳ್ಳಲಿಲ್ಲ.

ಆಮೇಲೆ ಡೀಸೆಲ್-ವಿದ್ಯುತ್ ಯಂತ್ರಗಳು ಬಂದವು. ಎಂಜಿನ್ ವಿದ್ಯುತ್ ಉತ್ಪಾದಿಸಿ ತಂತಿಯಲ್ಲಿ ಕಳಿಸಿದರೆ ಸಾಕಾದ್ದರಿಂದ, ಅದನ್ನು ಅನುಕೂಲವಿರುವ ಕಡೆ ಇಡಬಹುದು. ನಡುವೆ ದೊಡ್ಡ ಟೊಳ್ಳು ಬಿಡುವ ಧೈರ್ಯ ವಿನ್ಯಾಸಕಾರರಿಗೆ ಬಂತು. 1988ರ ‘ಸಾವರಿನ್ ಆಫ್ ದಿ ಸೀಸ್’ ಈ ಯಂತ್ರಗಳಿಲ್ಲದೆಯೇ ಹಲವು ಡೆಕ್ ಎತ್ತರದ ಅಂಗಳವನ್ನು ತಂದಿತ್ತು. 1999ರ ‘ವಾಯೇಜರ್ ಆಫ್ ದಿ ಸೀಸ್’ ಹೊಟ್ಟೆಯೊಳಗೇ ಅಂಗಡಿ ಬೀದಿಯನ್ನು ಹಾಸಿತು. ನೀವು ಮಾಲ್ ಎಂದದ್ದು ಇದರ ಸಂತಾನವನ್ನು. 2009ರ ‘ಓಯಸಿಸ್ ಆಫ್ ದಿ ಸೀಸ್’ ಮೇಲಿನ ಕಟ್ಟಡವನ್ನೇ ಎರಡಾಗಿ ಸೀಳಿ, ನಡುವೆ ಆಕಾಶ ಕಾಣುವ ಅಂಗಳ ಬಿಟ್ಟು, ಅದರಲ್ಲಿ ನಿಜವಾದ ಗಿಡಮರ ನೆಟ್ಟಿತು. ಸುತ್ತಲಿನ ಕ್ಯಾಬಿನ್‌ಗಳ ಬಾಲ್ಕನಿಗಳು ಅದರತ್ತ ತೆರೆಯುತ್ತವೆ. ನಮ್ಮವರಿಗೆ ಇದನ್ನು ವಿವರಿಸುವ ಕಷ್ಟವಿಲ್ಲ: ಇದು ತೊಟ್ಟಿಮನೆ. ಗಾಳಿ ಬೆಳಕು ಒಳಗಿನಿಂದಲೇ ಪಡೆದು, ಬೀದಿಗೆ ಬೆನ್ನು ಹಾಕಿ ಕೂರುವ ಮನೆ. ಇಲ್ಲಿ ಬೀದಿಯ ಜಾಗದಲ್ಲಿ ಕೆರಿಬಿಯನ್ ಸಮುದ್ರವಿದೆ, ಅಷ್ಟೇ.

ಈಗ ನಿಮ್ಮ ಖರ್ಚಿನ ಪ್ರಶ್ನೆ. ಇದು ಉಳಿತಾಯಕ್ಕಿಂತ ಸಂಪಾದನೆಯ ಮಾತು. ಲೈನರ್‌ಗೆ ಟಿಕೆಟ್ಟೇ ಮುಖ್ಯ ಗಳಿಕೆ, ಆದ್ದರಿಂದ ದರ್ಜೆ ದರ್ಜೆಗೆ ಗೋಡೆ. ಕ್ರೂಸ್ ಹಡಗು ಬಾರ್, ಕ್ಯಾಸಿನೊ, ಅಂಗಡಿಗಳಿಂದಲೂ ದುಡಿಯುತ್ತದೆ. ಜನ ಎದ್ದು ಓಡಾಡಬೇಕು, ಓಡಾಡುತ್ತ ಅಂಗಡಿಯ ಮುಂದೆ ಹಾಯಬೇಕು. ಒಳಾಂಗಣವೆಂದರೆ ಅಲ್ಲಿ ಕಾಲುದಾರಿಗಳ ಲೆಕ್ಕಾಚಾರ. ಗೋಡೆ ಬಿದ್ದದ್ದಕ್ಕೆ ನನಗೆ ಸಂತೋಷವೇ ಇದೆ. ಹಳೆಯ ಚಿತ್ರಗಳಲ್ಲಿ ಮೂರನೆಯ ದರ್ಜೆಯ ಊಟದ ಕೋಣೆಯನ್ನು ಯಾರೂ ಚೌಕಟ್ಟು ಹಾಕಿಸಿ ತೂಗುಹಾಕುವುದಿಲ್ಲ, ಗಮನಿಸಿ. ಆದರೆ ಹೊಸ ಹಡಗುಗಳಲ್ಲಿ ಸುಮ್ಮನೆ ಕೂರುವ ಮೂಲೆಗಳು ಕಡಿಮೆಯಾದದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. 2024ರ ‘ಐಕಾನ್ ಆಫ್ ದಿ ಸೀಸ್’ 2,48,663 ಗ್ರಾಸ್ ಟನ್‌ನದು, ಅಂದರೆ ‘ಕ್ವೀನ್ ಮೇರಿ’ಯ ಮೂರರಷ್ಟು (ಇಲ್ಲಿ ಟನ್ ಎಂದರೆ ತೂಕವಲ್ಲ, ಒಳಗಿನ ಗಾತ್ರದ ಅಳತೆ). ಅಷ್ಟು ಜಾಗದಲ್ಲಿ ಒಬ್ಬ ಮನುಷ್ಯ ಏನನ್ನೂ ಕೊಳ್ಳದೆ, ಏನನ್ನೂ ಆಡದೆ ಕಿಟಕಿಯ ಪಕ್ಕ ಕುಳಿತು ಪುಸ್ತಕ ಓದಲು ತಾಣ ಹುಡುಕಬೇಕಾಗಿ ಬಂದರೆ ಅದನ್ನು ವಿನ್ಯಾಸದ ಸೋಲೆಂದೇ ಹೇಳುತ್ತೇನೆ.

ಹಳೆಯ ಲೈನರ್‌ನ ಸೊಗಸನ್ನೂ ಹೊಸ ಹಡಗಿನ ಅನುಕೂಲವನ್ನೂ ಹೊಂದಿಸಿದ ಹಡಗು ಬೇಕಾದರೆ 2004ರ ‘ಕ್ವೀನ್ ಮೇರಿ 2’ರ ನಕ್ಷೆ ಅಭ್ಯಾಸ ಮಾಡಿ. ಅದನ್ನು ರೂಪಿಸಿದವರು ಸ್ಟೀಫನ್ ಪೇನ್. ಅದರ ಗ್ಯಾಸ್ ಟರ್ಬೈನ್‌ಗಳು ತಳದಲ್ಲಿಲ್ಲ, ಹೊಗೆಕೊಳವೆಯ ಬುಡದಲ್ಲೇ ನೆತ್ತಿಯ ಮೇಲಿವೆ. ಅವುಗಳಿಗೆ ಬೇಕಾದ ಭಾರಿ ಗಾಳಿಕೊಳವೆಗಳು ಊಟದ ಸಭಾಂಗಣವನ್ನು ಸೀಳುವ ಪ್ರಸಂಗವೇ ಬರುವುದಿಲ್ಲ.

ಪ್ರಶ್ನೆ: ಮುಂಬೈನಿಂದ ಹೊರಟ ಕ್ರೂಸ್ ಒಂದರಲ್ಲಿ ಮನೆಯವರೆಲ್ಲ ಹೋಗಿದ್ದೆವು. ಕ್ಯಾಬಿನ್ನಿನ ಗೋಡೆ ತೇಗದಂತೆ ಕಾಣುತ್ತಿತ್ತು. ತಟ್ಟಿ ನೋಡಿದರೆ ತಗಡಿನ ಸದ್ದು. ಇಷ್ಟು ಹಣ ಪಡೆದು ಮರದ ಬದಲು ಸ್ಟಿಕ್ಕರ್ ಅಂಟಿಸುವುದು ಮೋಸವಲ್ಲವೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಆ ತಗಡು ನಿಮ್ಮ ಜೀವಕ್ಕೆ ಕಾವಲಿದೆ ಸ್ವಾಮಿ, ಬೇಸರಿಸಬೇಡಿ. ಎರಡು ತೆಳು ಉಕ್ಕಿನ ತಗಡುಗಳ ನಡುವೆ ಕಲ್ಲುಣ್ಣೆ (ಬೆಂಕಿ ತಾಳುವ ಕಲ್ಲಿನ ನಾರು) ತುಂಬಿ, ಮೇಲೆ ಮರದ ಗೆರೆಯಿರುವ ಪ್ಲಾಸ್ಟಿಕ್ ಪೊರೆ ಹೊದಿಸಿದ ಫಲಕ ಅದು. ಹಡಗಿಗೆ ಮುಳುಗುವ ಭಯದಷ್ಟೇ ಬೆಂಕಿಯ ಭಯವೂ ಹಳೆಯದು. 1932ರಲ್ಲಿ ಫ್ರಾನ್ಸಿನ ‘ಜಾರ್ಜ್ ಫಿಲಿಪಾರ್’ ತನ್ನ ಮೊದಲ ಯಾನದಿಂದ ಮರಳುವಾಗಲೇ ಏಡನ್ ಕೊಲ್ಲಿಯಲ್ಲಿ ಉರಿಯಿತು. 1934ರಲ್ಲಿ ಅಮೆರಿಕದ ‘ಮಾರೋ ಕ್ಯಾಸಲ್’ ನ್ಯೂಜೆರ್ಸಿ ಕರಾವಳಿಯಲ್ಲಿ ಉರಿದು 137 ಮಂದಿ ಸತ್ತರು. ಅಂದವಾಗಿ ಹೊಳಪಿಟ್ಟ ಮರದ ಫಲಕಗಳೇ ಅಲ್ಲಿ ಬೆಂಕಿಗೆ ಮೇವಾದವು. ನಾನು ಮೇಲೆ ಹೊಗಳಿದ ‘ನಾರ್ಮಂಡಿ’ಯನ್ನು ನ್ಯೂಯಾರ್ಕ್ ಬಂದರಿನಲ್ಲಿ ಸೈನಿಕರ ಹಡಗಾಗಿ ಮಾರ್ಪಡಿಸುತ್ತಿದ್ದಾಗ, 1942ರ ಫೆಬ್ರವರಿ 9ರಂದು, ಲೋಹ ಕತ್ತರಿಸುವ ಟಾರ್ಚಿನ ಕಿಡಿ ರಾಶಿ ಹಾಕಿದ್ದ ಜೀವರಕ್ಷಕ ಅಂಗಿಗಳಿಗೆ ತಗುಲಿತು. ಆರಿಸಲು ಸುರಿದ ನೀರಿನ ಭಾರಕ್ಕೇ ಹಡಗು ಮಗುಚಿ ಬಿತ್ತು.

ಇದರ ಪಾಠವನ್ನು ಅತಿಗೆ ಒಯ್ದವರು ಅಮೆರಿಕದ ಹಡಗು ವಿನ್ಯಾಸಕಾರ ವಿಲಿಯಂ ಫ್ರಾನ್ಸಿಸ್ ಗಿಬ್ಸ್. 1952ರಲ್ಲಿ ಅವರ ‘ಯುನೈಟೆಡ್ ಸ್ಟೇಟ್ಸ್’ ಹಡಗು ಹೊರಟಾಗ ಅದರಲ್ಲಿ ಮರದ್ದು ಎಂದು ಹೇಳಿಕೊಳ್ಳಲು ಇದ್ದದ್ದು ಪಿಯಾನೊ ಮತ್ತು ಮಾಂಸ ಕಡಿಯುವ ಕೊರಡು ಎಂಬ ಮಾತು ಪ್ರಸಿದ್ಧ. ಒಳಾಂಗಣವನ್ನು ಡೊರೊಥಿ ಮಾರ್ಕ್‌ವಾಲ್ಡ್ ಮತ್ತು ಆನ್ ಅರ್ಕಾರ್ಟ್ ಎಂಬ ಇಬ್ಬರು ಮಹಿಳೆಯರು ಅಲ್ಯೂಮಿನಿಯಂ, ಗಾಜು, ಗಾಜಿನ ನಾರಿನ ಬಟ್ಟೆಗಳಿಂದಲೇ ತೂಗಿಸಿದರು. ಆಸ್ಪತ್ರೆಯಂತಿದೆ ಎಂದು ಮೂಗು ಮುರಿದವರುಂಟು.

ಈಗಿನ ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳ ಪ್ರಕಾರ ಹಡಗನ್ನು ಉದ್ದಕ್ಕೆ ಸುಮಾರು 40ರಿಂದ 48 ಮೀಟರ್‌ಗೊಂದರಂತೆ ಅಗ್ನಿವಲಯಗಳಾಗಿ ವಿಂಗಡಿಸಬೇಕು. ಮುಖ್ಯ ಗೋಡೆಗಳು ಒಂದು ಗಂಟೆ ಬೆಂಕಿ ತಡೆಯಬೇಕು. ಆಗಲೂ ಅವುಗಳ ಇನ್ನೊಂದು ಮೈಯ ಸರಾಸರಿ ಉಷ್ಣತೆ 140 ಡಿಗ್ರಿಗಿಂತ ಹೆಚ್ಚು ಏರಕೂಡದು. ಗೋಡೆಯ ಮೇಲಿನ ಅಲಂಕಾರದ ಪದರ ಉರಿದರೆ ಎಷ್ಟು ಶಾಖ ಬರಬಹುದು ಎಂಬುದಕ್ಕೂ ಮಿತಿ ಇದೆ: ಚದರ ಮೀಟರಿಗೆ 45 ಮೆಗಾಜೌಲ್. ಅಂಗೈ ದಪ್ಪದ ತೇಗದ ಹಲಗೆಗೆ ಅಲ್ಲಿ ಜಾಗವಿಲ್ಲ. ಉರಿಯುವ ವಸ್ತುಗಳಿಂದ ಕಟ್ಟಿದ ಹಳೆಯ ಹಡಗುಗಳಿಗೆ 2010ರ ಅಕ್ಟೋಬರ್ 1 ಕೊನೆಯ ಗಡುವಾಯಿತು.

ಇನ್ನೊಂದು ಮಾತು. ‘ಕ್ವೀನ್ ಮೇರಿ’ಯ ಆ ಐವತ್ತು ಬಗೆಯ ಮರಗಳೂ ಹೆಚ್ಚಾಗಿ ಅಂಟಿಸಿದ ತೆಳು ಪದರಗಳೇ. ಆಗಿನವರು ತಟ್ಟಿ ನೋಡಿದ್ದರೆ ಅವರಿಗೂ ಅನುಮಾನ ಬರುತ್ತಿತ್ತು.

ಪ್ರಶ್ನೆ: ನಾನಿರುವುದು ದುಬೈನಲ್ಲಿ. ಹಳೆಯ ಲೈನರ್‌ಗಳ ಒಳಾಂಗಣ ಇಂದು ಎಲ್ಲಾದರೂ ನೋಡಲು ಸಿಗುತ್ತದೆಯೇ?

ಉತ್ತರ: ನಿಮ್ಮೂರಲ್ಲೇ ಇದೆ. 1969ರ ‘ಕ್ಯೂಇ2’ (ಕ್ವೀನ್ ಎಲಿಜಬೆತ್ 2) 2018ರಿಂದ ರಶೀದ್ ಬಂದರಿನಲ್ಲಿ ಹೋಟೆಲಾಗಿ ನಿಂತಿದೆ. ಹಲವು ನವೀಕರಣಗಳಲ್ಲಿ ಮೂಲ ಅಲಂಕಾರ ಬಹಳಷ್ಟು ಹೋಗಿದೆ. ಆದರೂ ಅದರ ಕ್ವೀನ್ಸ್ ರೂಮ್ ಎಂಬ ಸಭಾಂಗಣಕ್ಕೆ ಹೋಗಿ, ಕಹಳೆಯಂತೆ ಮೇಲಕ್ಕೆ ಅರಳುವ ಬಿಳಿ ಕಂಬಗಳನ್ನು ನೋಡಿ. ‘ಕ್ವೀನ್ ಮೇರಿ’ 1967ರಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿದೆ. ‘ರೋಟರ್‌ಡಾಮ್’ ತನ್ನ ಹೆಸರಿನ ಊರಲ್ಲೇ ಇದೆ. ಆ ಕತ್ತರಿ ಮೆಟ್ಟಿಲನ್ನು ಹತ್ತಿ ಬನ್ನಿ.

ಉಳಿದವು ಚೂರುಚೂರಾಗಿ ಹಂಚಿಹೋಗಿವೆ. ‘ಟೈಟಾನಿಕ್’ನ ಅಕ್ಕ ‘ಒಲಿಂಪಿಕ್’ನ ಮರದ ಗೋಡೆಗಳು ಇಂಗ್ಲೆಂಡಿನ ಆನಿಕ್ ಊರಿನ ವೈಟ್ ಸ್ವಾನ್ ಹೋಟೆಲಿನ ಊಟದ ಕೋಣೆಯಲ್ಲಿವೆ. 1962ರ ‘ಫ್ರಾನ್ಸ್’, ಮುಂದೆ ‘ನಾರ್ವೆ’ಯಾಗಿ, ಕೊನೆಗೆ ‘ಬ್ಲೂ ಲೇಡಿ’ ಎಂಬ ಹೆಸರಿನಲ್ಲಿ 2006ರಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗ್ ಕಡಲತೀರಕ್ಕೆ ಬಂತು. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ವ್ಯಾಜ್ಯ ಮುಗಿದ ಮೇಲೆ ಅದನ್ನು ಒಡೆದರು. ಅಲಂಗ್‌ನ ರಸ್ತೆಬದಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಹಡಗುಗಳ ಕುರ್ಚಿ, ಮಂಚ, ಅಡುಗೆಮನೆಯ ಸ್ಟೀಲ್ ಮೇಜುಗಳು ಚೌಕಾಶಿಗೆ ಸಿಗುತ್ತವೆ. ಗಿಬ್ಸ್ ಅವರ ಹಡಗಿನ ಒಳಗಿನದೆಲ್ಲ 1984ರಲ್ಲೇ ಹರಾಜಾಗಿತ್ತು. ಬರಿದಾದ ಒಡಲನ್ನು ಫ್ಲಾರಿಡಾದ ಬಳಿ ಮುಳುಗಿಸಿ ಕೃತಕ ದಿಬ್ಬ ಮಾಡಲೆಂದು 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಿಂದ ಎಳೆದೊಯ್ದರು.

‘ನಾರ್ಮಂಡಿ’ಯ ಪಾಲಿಗೆ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ಬೆಂಕಿಗೆ ಮೊದಲೇ ಬಹಳಷ್ಟು ಅಲಂಕಾರವನ್ನು ಇಳಿಸಿದ್ದರು. ಜ್ಯಾನ್ ದ್ಯುಪಾ ರೂಪಿಸಿದ ಬಂಗಾರದ ಛಾಯೆಯ ಗಾಜಿನ ಫಲಕಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ. ಆ ಕಿಟಕಿಯಿಲ್ಲದ ಊಟದ ಸಭಾಂಗಣದ ಬಾಗಿಲುಗಳು ಅದೇ ಊರಿನ ಬ್ರೂಕ್ಲಿನ್‌ನ ಮ್ಯಾರೊನೈಟ್ (ಲೆಬನಾನ್ ಮೂಲದ ಕ್ರೈಸ್ತ ಪಂಗಡದ) ಚರ್ಚ್ ಒಂದಕ್ಕೆ ಸೇರಿವೆ. ನ್ಯೂಯಾರ್ಕಿಗೆ ಹೋದರೆ ಭಾನುವಾರ ಹೋಗಿ. ಪ್ರಾರ್ಥನೆಗೆ ಬರುವವರು ಆ ಬಾಗಿಲುಗಳನ್ನು ತಳ್ಳಿಕೊಂಡೇ ಒಳಗೆ ಹೋಗುತ್ತಾರೆ.