ಇ330 ಕಂಡರೆ ಜಾಮ್ ಬಾಟಲಿ ಎಸೆಯಬೇಕಾ?

ನೀವು ಕೇಳಿರುವುದು ಇಷ್ಟು: ಫೋನಿಗೆ ಇ-ನಂಬರ್‌ಗಳ (ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಸಂಕೇತ ಸಂಖ್ಯೆಗಳ) ಒಂದು ಪಟ್ಟಿ ಬಂದಿದೆ. ಇ330 ಎಲ್ಲಕ್ಕಿಂತ ಅಪಾಯ, ಕ್ಯಾನ್ಸರ್ ತರುತ್ತದೆ ಅಂತ ಅದರಲ್ಲಿದೆ. ಕೆಳಗೆ ಒಂದು ಆಸ್ಪತ್ರೆಯ ಹೆಸರೂ ಇದೆ. ಇದು ನಿಜವಾ? ಕಂಪನಿಗಳ ಮಾತು ನಂಬೋಕಾಗಲ್ಲ ಅಂದಮೇಲೆ ಯಾರನ್ನು ನಂಬೋದು?

ಮೊದಲನೆಯದಕ್ಕೆ ಉತ್ತರ ಸುಲಭ. ಸುಳ್ಳು, ಅದೂ ಹಳೇ ಸುಳ್ಳು. ಎರಡನೆಯದು ಅಷ್ಟು ಸುಲಭ ಇಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಾಮ್, ಸಾಸ್ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಈಗ ಇಲ್ಲ. "ಇವನು ಕಂಪನಿ ಕಡೆಯವನು" ಅಂತ ಅನ್ನಿಸಿದರೆ ಅನ್ನಿಸಲಿ, ಪೂರ್ತಿ ಓದಿ ಆಮೇಲೆ ಬೈಯಿರಿ.

ಆ ಪಟ್ಟಿ ಹುಟ್ಟಿದ್ದು 1976ರ ಹೊತ್ತಿಗೆ, ಫ್ರಾನ್ಸ್‌ನಲ್ಲಿ. ಫೋನೂ ಇರಲಿಲ್ಲ, ಫಾರ್ವರ್ಡೂ ಇರಲಿಲ್ಲ. ಟೈಪ್ ಮಾಡಿದ ಒಂದು ಹಾಳೆ, ಅದರ ಫೋಟೋಕಾಪಿ, ಕಾಪಿಯ ಕಾಪಿ. ಪ್ಯಾರಿಸ್ ಪಕ್ಕದ ವಿಲ್‌ಜುಯಿಫ್‌ನ ಆಸ್ಪತ್ರೆಯ ಹೆಸರು ಅದರ ಮೇಲಿತ್ತು. ಅಲ್ಲಿ ಹೆಸರಾಂತ ಕ್ಯಾನ್ಸರ್ ಸಂಸ್ಥೆ ಇರುವುದರಿಂದ ಜನ ನಂಬಿದರು. ಇದು ನಮ್ಮದಲ್ಲ ಅಂತ ಸಂಸ್ಥೆಯವರು ಹೇಳಿದರೂ ಹಾಳೆ ನಿಲ್ಲಲಿಲ್ಲ. ಶಾಲೆ, ಕಚೇರಿ, ಕೊನೆಗೆ ಡಾಕ್ಟರ್‌ಗಳ ಕೈಗೂ ಹೋಯಿತು, ಬೇರೆ ದೇಶಗಳಿಗೂ ದಾಟಿತು. ಹತ್ತು ವರ್ಷಕ್ಕೂ ಜಾಸ್ತಿ ಓಡಾಡಿತು. ನಿಮ್ಮ ಫೋನಿಗೆ ಬಂದಿರುವುದು ಅದರ ಮೊಮ್ಮಗ ಇರಬೇಕು.

ತಮಾಷೆ ಏನು ಗೊತ್ತಾ, ಇ330 ಅಂದರೆ ಸಿಟ್ರಿಕ್ ಆಮ್ಲ. ನಿಂಬೆಹಣ್ಣಿನ ಹುಳಿ. ಪಾಪ ಇದಕ್ಕೇ ಯಾಕೆ ಕ್ಯಾನ್ಸರ್ ಪಟ್ಟ ಕಟ್ಟಿದರು? ಒಂದು ಊಹೆ ಇದೆ. ನಮ್ಮ ಜೀವಕೋಶಗಳು ಶಕ್ತಿ ಪಡೆಯುವಾಗ ನಡೆಯುವ ಒಂದು ಚಕ್ರದಲ್ಲಿ ಸಿಟ್ರಿಕ್ ಆಮ್ಲ ಬರುತ್ತದೆ. 1937ರಲ್ಲಿ ಅದನ್ನು ಕಂಡುಹಿಡಿದವರು ಹ್ಯಾನ್ಸ್ ಕ್ರೆಬ್ಸ್, ಹಾಗಾಗಿ ಅದಕ್ಕೆ ಕ್ರೆಬ್ಸ್ ಚಕ್ರ ಅಂತಲೇ ಹೆಸರು. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದರೆ ಏಡಿ, ಹಾಗೆಯೇ ಕ್ಯಾನ್ಸರ್. ಯಾರೋ ಎಲ್ಲೋ ಅರೆಬರೆ ಓದಿ ಗಂಟು ಹಾಕಿರಬೇಕು.

ಇದೇ ಪಟ್ಟಿ ನಮ್ಮ ಚಿಕ್ಕಮ್ಮನಿಗೂ ಬಂದಿತ್ತು. ಫೋನ್ ಮಾಡಿ, "ಏನೋ, ನೀವು ಜಾಮಿಗೆ ಇದನ್ನೇ ಹಾಕ್ತೀರಂತಲ್ಲೋ? ಮಕ್ಕಳು ತಿನ್ನೋದಲ್ವಾ?" ಅಂದರು. ಹೋಗಿ ನೋಡಿದರೆ ಫ್ರಿಜ್ ಬಾಗಿಲ ಮೇಲೆ ಪಟ್ಟಿಯ ಪ್ರಿಂಟ್, ಕೈಯಲ್ಲಿ ಭೂತಗನ್ನಡಿ, ಮೇಜಿನ ಮೇಲೆ ಅಪರಾಧಿಯ ಹಾಗೆ ನಿಂತ ಜಾಮ್ ಬಾಟಲಿ. ಇ440, ಇ330 ಎರಡಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ.

"ಮೊದಲಿಂದ ಓದಿ ಚಿಕ್ಕಮ್ಮ" ಅಂದೆ. ಮೊದಲನೆಯದು ಸಕ್ಕರೆ. ಅದನ್ನು ದಾಟಿ ಮುಂದೆ ಹೋದರು. "ಅದ್ಯಾಕೆ ಬಿಟ್ರಿ?" ಅಂದರೆ, "ಸಕ್ಕರೆ ಗೊತ್ತಿರೋದೇ ಅಲ್ವಾ" ಅಂದರು.

ನನ್ನ ಪ್ರಕಾರ ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿದೆ. ಪ್ಯಾಕೆಟ್ ಹಿಂದೆ ಸಾಮಾನುಗಳನ್ನು ತೂಕದ ಪ್ರಕಾರ ಬರೆಯುತ್ತಾರೆ, ಜಾಸ್ತಿ ಇರುವುದು ಮೊದಲು. ಮಾಮೂಲಿ ಜಾಮ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಸಿಟ್ರಿಕ್ ಆಮ್ಲ 100 ಗ್ರಾಂಗೆ ಸಾಮಾನ್ಯವಾಗಿ ಒಂದು ಗ್ರಾಂ ಕೂಡ ಇರುವುದಿಲ್ಲ. ಒಂದು ನಿಂಬೆಹಣ್ಣು ಹಿಂಡಿದರೆ ಅದಕ್ಕಿಂತ ಜಾಸ್ತಿ ಬರುತ್ತದೆ. ಹಲ್ಲಿಗೆ, ತೂಕಕ್ಕೆ, ಶುಗರ್‌ಗೆ ತೊಂದರೆ ಕೊಡುವ ಪದಾರ್ಥ ದೊಡ್ಡದಾಗಿ ಮೊದಲೇ ನಿಂತಿದೆ. ಆದರೆ ಹೆಸರು ಪರಿಚಯದ್ದು, ಹಾಗಾಗಿ ಯಾರೂ ಹೆದರುವುದಿಲ್ಲ.

ಆ ಆಮ್ಲ ಯಾಕೆ ಹಾಕುತ್ತಾರೆ ಅಂತಲೂ ಹೇಳಿಬಿಡುತ್ತೇನೆ, ಅದು ನೋಡೋಕೆ ಚಂದ. ಹಣ್ಣು, ಸಕ್ಕರೆ, ಪೆಕ್ಟಿನ್ (ಅದೇ ಇ440, ಸೇಬಿನ ಹಿಂಡಿ ಇಲ್ಲವೇ ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆಯಿಂದ ತೆಗೆಯುವುದು) ಬೆಂದು ಗಟ್ಟಿಯಾಗುತ್ತಾ ಬಂದಿರುತ್ತದೆ. ಸೌಟಿನಲ್ಲಿ ಎತ್ತಿದರೆ ಇನ್ನೂ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಕೊನೆಯಲ್ಲಿ ಆಮ್ಲ ಬೀಳುತ್ತದೆ. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 3ರ ಹತ್ತಿರ ಇಳಿದಾಗ ಪೆಕ್ಟಿನ್ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಸೌಟು ಓರೆ ಮಾಡಿದರೆ ಈಗ ಹನಿ ಬೀಳುವುದಿಲ್ಲ, ಹಾಳೆಯ ಹಾಗೆ ಅಗಲವಾಗಿ ಜಾರುತ್ತದೆ. ಆಮ್ಲ ಕಡಿಮೆಯಾದ ದಿನ ಬಾಟಲಿಯಲ್ಲಿ ಜಾಮ್ ಬದಲು ಪಾನಕ ಇರುತ್ತಿತ್ತು. ಬೈಗುಳ ನನಗೆ.

ಕಾರ್ಖಾನೆಯ ಸಿಟ್ರಿಕ್ ಆಮ್ಲ ನಿಂಬೆಯಿಂದ ಬರುವುದಿಲ್ಲ, ಅದೂ ನಿಜ. ಆಸ್ಪರ್ಜಿಲ್ಲಸ್ ನೈಜರ್ ಅನ್ನುವ ಕಪ್ಪು ಬೂಷ್ಟಿಗೆ ಸಕ್ಕರೆ ತಿನ್ನಿಸಿ ತೆಗೆಯುತ್ತಾರೆ, ಸುಮಾರು ನೂರು ವರ್ಷದಿಂದ ಹೀಗೇ. ಇದನ್ನು ಹೇಳಿದಾಗ ಚಿಕ್ಕಮ್ಮನ ಮುಖ ಇನ್ನೂ ಸಣ್ಣದಾಯಿತು. ಬೂಷ್ಟನ್ನು ತೆಗೆದು ಶುದ್ಧ ಮಾಡಿದ ಮೇಲೆ ಉಳಿಯುವುದು ನಿಂಬೆಯಲ್ಲಿರುವ ಅದೇ ಆಮ್ಲ. ಆದರೂ ಹೇಳದೆ ಇರಬೇಕಿತ್ತೇನೋ.

ಇ ಅಂದರೆ ವಿಷ ಅಲ್ಲ, ಯುರೋಪ್. ಅಲ್ಲಿ ಪರಿಶೀಲಿಸಿ ಒಪ್ಪಿದ ಪದಾರ್ಥಕ್ಕೆ ಒಂದು ನಂಬರ್. ವಿಟಮಿನ್ ಸಿ ಇ300. ಅರಿಶಿನದ ಬಣ್ಣ ಇ100. ಆಮ್ಲಜನಕಕ್ಕೂ ಇ948 ಅಂತ ನಂಬರ್ ಇದೆ, ಈಗ ಉಸಿರಾಡುತ್ತಿದ್ದೀರಲ್ಲ, ಅದೇ.

ಆದರೆ ನಂಬರ್ ಕೊಟ್ಟಿದ್ದಾರೆ ಅಂದರೆ ಮುಗಿಯಿತು ಅಂತಲೂ ಅಲ್ಲ. ಮಿಠಾಯಿಗಳಿಗೆ ಬಿಳಿ ಹೊಳಪು ಕೊಡುತ್ತಿದ್ದ ಇ171, ಟೈಟಾನಿಯಂ ಡೈಆಕ್ಸೈಡ್, ದಶಕಗಳ ಕಾಲ ಬಳಕೆಯಲ್ಲಿತ್ತು. ಡಿಎನ್‌ಎಗೆ ಹಾನಿ ಆಗುವುದಿಲ್ಲ ಅಂತ ಖಚಿತವಾಗಿ ಹೇಳಲಾಗದು ಅಂತ 2021ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿತು, 2022ರಲ್ಲಿ ಅಲ್ಲಿ ನಿಷೇಧವಾಯಿತು. ಟ್ರಾನ್ಸ್ ಫ್ಯಾಟ್ ಕಥೆ ಇನ್ನೂ ಕೆಟ್ಟದು. ಬೆಣ್ಣೆಗಿಂತ ಒಳ್ಳೆಯದು ಅಂತ ಜನರ ಬ್ರೆಡ್ಡಿಗೆ ಸವರಿಸಿದ ಗಟ್ಟಿ ಮಾಡಿದ ಎಣ್ಣೆ, ಹೃದಯಕ್ಕೆ ಬೆಣ್ಣೆಗಿಂತ ಕೆಟ್ಟದ್ದಾಗಿತ್ತು. ಡೆನ್ಮಾರ್ಕ್ 2003ರಲ್ಲೇ ಮಿತಿ ಹಾಕಿತು, ಅಮೆರಿಕ ಎಚ್ಚೆತ್ತು ಆದೇಶ ಹೊರಡಿಸಿದ್ದು 2015ರಲ್ಲಿ. ಇನ್ನು 1967ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಹೃದಯರೋಗದ ತಪ್ಪನ್ನು ಕೊಬ್ಬಿನ ಮೇಲೆ ಹಾಕಿ ಬರೆದ ಲೇಖನಕ್ಕೆ ಸಕ್ಕರೆ ಉದ್ಯಮವೇ ದುಡ್ಡು ಕೊಟ್ಟಿತ್ತು ಅನ್ನುವುದು ಹಳೇ ಕಾಗದಪತ್ರಗಳಿಂದ ಹೊರಬಿದ್ದದ್ದು 2016ರಲ್ಲಿ. ಜನ ಸುಮ್ನೆ ಅನುಮಾನ ಪಡುತ್ತಿಲ್ಲ ಸ್ವಾಮಿ.

ನಮ್ಮ ಕಾರ್ಖಾನೆಯಲ್ಲೂ ಒಂದು ನಡೆಯಿತು. ಇ330 ಬಗ್ಗೆ ಗಿರಾಕಿಗಳ ಫೋನು ಜಾಸ್ತಿಯಾದಾಗ ಮಾರ್ಕೆಟಿಂಗ್‌ನವರು ಬಂದು "ಇದನ್ನು ತೆಗೆಯೋಕಾಗಲ್ವಾ?" ಅಂದರು. ಅದು ಏನು ಅಂತ ಜನರಿಗೆ ತಿಳಿಸೋಣ ಅಂದೆ. ಯಾರಿಗೂ ಅದು ಬೇಕಿರಲಿಲ್ಲ. ಕೊನೆಗೆ ಅದರ ಜಾಗಕ್ಕೆ ಗಟ್ಟಿ ಮಾಡಿದ ನಿಂಬೆರಸ ಬಂತು. ಅದೇ ಆಮ್ಲ, ಅದೇ ಪಿಎಚ್. ಲೇಬಲ್ ಮೇಲೆ ಮಾತ್ರ ಎಲೆ ಸಮೇತ ನಿಂಬೆಹಣ್ಣಿನ ಚಿತ್ರ, "ಕೃತಕ ಆಮ್ಲ ಇಲ್ಲ" ಅನ್ನುವ ಸಾಲು. ಆ ಲೇಬಲ್ಲಿಗೆ ಸಹಿ ಹಾಕಿದವನು ನಾನೇ. ಅದರಲ್ಲಿ ಸುಳ್ಳು ಇರಲಿಲ್ಲ, ಆದರೆ ಆ ದಿನದಿಂದ "ಇಲ್ಲ, ಇಲ್ಲ" ಅಂತ ಜೋರಾಗಿ ಹೇಳುವ ಪ್ಯಾಕೆಟ್ ಕಂಡರೆ ನನಗೆ ನಂಬಿಕೆ ಕಡಿಮೆ. ಹೆದರಿಕೆ ಹಬ್ಬಿಸುವವರಷ್ಟೇ, ಆ ಹೆದರಿಕೆಯನ್ನು ಮಾರುವವರೂ ಇದ್ದಾರೆ.

ಪ್ರಮಾಣ ಬಿಟ್ಟು ಬರೀ ಹೆಸರು ಹೇಳುವ ಸುದ್ದಿಯನ್ನೂ ನಾನು ಪಕ್ಕಕ್ಕಿಡುತ್ತೇನೆ. 2023ರಲ್ಲಿ ಆಸ್ಪರ್ಟೇಮ್ (ಡಯಟ್ ಪಾನೀಯಗಳಿಗೆ ಸಕ್ಕರೆ ಬದಲು ಹಾಕುವ ಸಿಹಿ) "ಕ್ಯಾನ್ಸರ್‌ಕಾರಕ ಆಗಿರಲೂಬಹುದು" ಗುಂಪಿಗೆ ಸೇರಿತು ಅಂತ ದೊಡ್ಡ ಸುದ್ದಿಯಾಯಿತಲ್ಲ, ಅದೇ ದಿನ ಇನ್ನೊಂದು ತಜ್ಞರ ಸಮಿತಿ ದಿನದ ಮಿತಿಯನ್ನು ಬದಲಿಸದೆ ಕಿಲೋ ತೂಕಕ್ಕೆ 40 ಮಿಲಿಗ್ರಾಂನಲ್ಲೇ ಉಳಿಸಿತು. 70 ಕಿಲೋ ಇರುವವರು ಆ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಡಯಟ್ ಪಾನೀಯ ಕುಡಿಯಬೇಕು. ಈ ಎರಡನೇ ಅರ್ಧ ಎಷ್ಟು ಜನರ ಫೋನಿಗೆ ಬಂತು?

ಹಾಗಾಗಿ ಯಾರನ್ನು ನಂಬೋದು ಅಂದರೆ, ನಾನು ಮಾಡುವುದು ಹೀಗೆ. ಪಟ್ಟಿಯ ಮೊದಲ ಮೂರು ಸಾಮಾನು, ಆಮೇಲೆ ಸಕ್ಕರೆ, ಉಪ್ಪು, ಕೊಬ್ಬಿನ ಗ್ರಾಂ ನೋಡುತ್ತೇನೆ. ಅಲರ್ಜಿ ಇರುವವರು ಪಟ್ಟಿಯ ಕೊನೆಯವರೆಗೂ ಓದಲೇಬೇಕು, ಆಹಾರ ಕೆಡದಂತೆ ಹಾಕುವ ಸಲ್ಫೈಟ್ ಅಂಥವು ಕೆಲವು ಆಸ್ತಮಾ ರೋಗಿಗಳಿಗೆ ನಿಜಕ್ಕೂ ತೊಂದರೆ. ನಂಬರ್ ಬಗ್ಗೆ ಅನುಮಾನ ಬಂದರೆ ಆಹಾರ ಸುರಕ್ಷತಾ ಸಂಸ್ಥೆಗಳು ಏನು ಹೇಳಿವೆ, ಯಾವ ವರ್ಷ ಹೇಳಿವೆ ಅಂತ ಹುಡುಕುತ್ತೇನೆ, ಯಾಕೆಂದರೆ ಅವೂ ಮಾತು ಬದಲಿಸುತ್ತವೆ.

ಚಿಕ್ಕಮ್ಮ ಪಟ್ಟಿಯನ್ನು ಫ್ರಿಜ್ ಮೇಲಿಂದ ತೆಗೆದಿಲ್ಲ, ಇ330ರ ಗೆರೆ ಮಾತ್ರ ಅಳಿಸಿದ್ದಾರೆ. ಹೋದ ವಾರ ಮತ್ತೆ ಫೋನ್: "ಎಲ್ಲದಕ್ಕೂ ನಂಬರ್ ಬರೀತಾರಲ್ಲೋ, ಇಲ್ಲಿ 'ಫ್ಲೇವರ್' ಅಂತ ಒಂದೇ ಪದ ಬರೆದಿದ್ದಾರೆ. ಅದರೊಳಗೆ ಏನಿರತ್ತೆ?" ಒಂಬತ್ತು ವರ್ಷ ನಾನು ಆ ಫ್ಲೇವರ್ ಕ್ಯಾನ್‌ಗಳನ್ನು ತೂಗಿಸಿ ಕೊಟ್ಟವನು. ಅವುಗಳ ಮೇಲೆ ಒಂದು ಕೋಡ್ ನಂಬರ್ ಇರುತ್ತಿತ್ತು, ಅಷ್ಟೇ. ಫಾರ್ಮುಲಾ ಗುಟ್ಟು ಅಂತ ಪೂರೈಸುವವರು ನಮಗೂ ಹೇಳುತ್ತಿರಲಿಲ್ಲ. ಹಾಗಂತಲೇ ಹೇಳಿದೆ. "ಮತ್ತೆ ಇದಕ್ಕಲ್ವೇನೋ ಕೆಂಪು ಗೆರೆ ಹಾಕಬೇಕಾದ್ದು" ಅಂದರು.